ಗಡಿ ದಾಟಿ ಬರುತ್ತಿದ್ದ ದನಿ

ತುರ್ಭೆಯ ನಮ್ಮ ಕನ್ನಡ ಮನೆಗಳಲ್ಲಿ ಹಿರಿಯರಾರನ್ನಾದರೂ ಕೇಳಿ ನೋಡಿ: ಊರು ಬಿಟ್ಟು ಬಂದು ಇಲ್ಲಿ ಒಂದು ಖೋಲಿ ಹಿಡಿದ ಮೇಲೆ ಮೊದಲು ಕೊಂಡ ಬೆಲೆಬಾಳುವ ಸಾಮಾನು ಯಾವುದು? ಮಂಚ ಎನ್ನುವವರು ಕಡಿಮೆ, ಕಪಾಟು ಎನ್ನುವವರು ಇನ್ನೂ ಕಡಿಮೆ. ಬಹುಮಂದಿ ಹೇಳುವುದು ರೇಡಿಯೋ ಎಂದೇ. ಥಾಣೆ–ಬೇಲಾಪುರ ರಸ್ತೆಯ ಕಾರಖಾನೆಗಳಲ್ಲಿ ಪಾಳಿ ಮುಗಿಸಿಯೋ, ಗುಡ್ಡದ ಬುಡದ ಕಲ್ಲಿನ ಕ್ವಾರಿಗಳಲ್ಲಿ ದಿನವಿಡೀ ದುಡಿದೋ ಬಂದು, ಕೈಕಾಲು ತೊಳೆದು ಊಟಕ್ಕೆ ಕುಳಿತಾಗ ಆ ಪೆಟ್ಟಿಗೆಯ ಕಿವಿ ಹಿಂಡುವುದು ನಮ್ಮ ನಿತ್ಯದ ಪದ್ಧತಿಯಾಗಿತ್ತು.

ಕಿವಿ ಹಿಂಡಿದೊಡನೆ ಕನ್ನಡ ಬರುತ್ತಿತ್ತು ಎಂದಲ್ಲ. ಅದಕ್ಕೆ ಒಂದು ಹದ ಬೇಕಾಗಿತ್ತು. ಧಾರವಾಡ ನಿಲಯದ ಜಾಗ ೭೬೫ ಕಿಲೋಹರ್ಟ್ಸ್. ಅದರ ಎಡಕ್ಕೆ ೭೩೮ರಲ್ಲಿ ಹೈದರಾಬಾದ್, ಬಲಕ್ಕೆ ೭೯೨ರಲ್ಲಿ ಪುಣೆ. ಸೂಜಿ ಒಂದು ಕೂದಲೆಳೆಯಷ್ಟು ಬಲಕ್ಕೆ ಸರಿದರೆ ಹತ್ತಿರದ ಪುಣೆಯ ಮರಾಠಿ ಗಟ್ಟಿಯಾಗಿ ನುಗ್ಗಿಬರುತ್ತಿತ್ತು. ಎಡಕ್ಕೆ ಸರಿದರೆ ತೆಲುಗು. ಈ ಎರಡರ ನಡುವಿನ ಸಂದಿಯಲ್ಲಿ, ಕರಕರ ಸದ್ದಿನ ಹಿಂದೆ, ದೂರದ ಬಾವಿಯೊಳಗಿಂದ ಬಂದಂತೆ ನಮ್ಮ ಮಾತು ಕೇಳಿಸುತ್ತಿತ್ತು. ಪಕ್ಕದ ಮನೆಯವರು ಟ್ಯೂಬ್‌ಲೈಟ್ ಹಾಕಿದರೆ ಅದೂ ಇಲ್ಲ. ರೇಡಿಯೋವನ್ನು ಕಿಟಕಿಯ ಕಡೆಗೆ ತಿರುಗಿಸಿ, ಮತ್ತೆ ಬಾಗಿಲ ಕಡೆಗೆ ತಿರುಗಿಸಿ, ಮಕ್ಕಳಿಗೆ “ಸುಮ್ಮನಿರ್ರೋ” ಎಂದು ಗದರಿಸಿ ಕೇಳಿದ ಆ ಹತ್ತು ನಿಮಿಷದ ವಾರ್ತೆಗೆ ಇದ್ದ ಬೆಲೆ, ಇಂದು ಇಡೀ ದಿನ ಕೈಯಲ್ಲಿರುವ ಮೊಬೈಲಿಗೆ ಬರಲಿಲ್ಲ. ಆ ದನಿ ಎಲ್ಲಿಂದ ಬಂತು, ಹೇಗೆ ಬಂತು, ಅದು ಗಡಿಯಾಚೆಯ ನಮ್ಮಂಥವರಿಗೆ ಏನನ್ನು ಉಳಿಸಿಕೊಟ್ಟಿತು ಎಂಬುದನ್ನು ಈ ಲೇಖನದಲ್ಲಿ ಸ್ವಲ್ಪ ವಿಚಾರಿಸೋಣ.

ರಾತ್ರಿ ಮಾತ್ರ ಏಕೆ?

ಧಾರವಾಡಕ್ಕೂ ತುರ್ಭೆಗೂ ನೇರ ಗೆರೆ ಎಳೆದರೆ ಸುಮಾರು ೪೫೦ ಕಿಲೋಮೀಟರ್. ಹಗಲು ಹೊತ್ತಿನಲ್ಲಿ ಧಾರವಾಡ ನಮಗೆ ಸಿಗುತ್ತಿದ್ದುದು ಅಪರೂಪ. ಕತ್ತಲಾಗುತ್ತಿದ್ದಂತೆ ನಿಧಾನವಾಗಿ ಹತ್ತಿರ ಬರುತ್ತಿತ್ತು. “ರಾತ್ರಿ ಗದ್ದಲ ಕಡಿಮೆ, ಅದಕ್ಕೇ ಕೇಳಿಸುತ್ತದೆ” ಎಂದು ನಾವು ತಿಳಿದಿದ್ದೆವು. ನಿಜವಾದ ಕಾರಣ ಬೇರೆ. ಮಧ್ಯಮ ತರಂಗಗಳು ಹಗಲಲ್ಲಿ ನೆಲವನ್ನು ಹಿಡಿದು ಸಾಗುತ್ತವೆ, ದೂರ ಹೋದಷ್ಟೂ ಸೊರಗುತ್ತವೆ. ಮೇಲಕ್ಕೆ ಹೋದ ತರಂಗಗಳನ್ನು ಆಕಾಶದಲ್ಲಿ ೬೦ರಿಂದ ೯೦ ಕಿಲೋಮೀಟರ್ ಎತ್ತರದಲ್ಲಿ, ಬಿಸಿಲಿನ ಪ್ರಭಾವದಿಂದ ವಿದ್ಯುದಾವೇಶಗೊಂಡ ಗಾಳಿಯ ಪದರವೊಂದು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ತರಂಗಗಳು ಅದಕ್ಕೂ ಮೇಲಿನ ಪದರವನ್ನು ಮುಟ್ಟಿ, ಕನ್ನಡಿಗೆ ಬಡಿದ ಬೆಳಕಿನಂತೆ ಬಾಗಿ, ನೂರಾರು ಕಿಲೋಮೀಟರ್ ಆಚೆ ನೆಲಕ್ಕೆ ಇಳಿಯುತ್ತವೆ. ಹಗಲೆಲ್ಲ ದುಡಿದು ರಾತ್ರಿ ಮನೆ ಸೇರುವ ಕೂಲಿಕಾರನಿಗೂ ಧಾರವಾಡದ ದನಿಗೂ ಹೀಗೆ ವೇಳೆ ಕೂಡಿಬಂದದ್ದು ಕಾಕತಾಳೀಯವಾದರೂ ನಮ್ಮ ಪಾಲಿಗೆ ದೊಡ್ಡ ಉಪಕಾರವೇ ಆಯಿತು.

ಇನ್ನೊಂದು ಸಂಗತಿ. ಮರ್ಫಿ ರೇಡಿಯೋಗಳು ತಯಾರಾಗುತ್ತಿದ್ದುದು ನಮ್ಮ ಪಕ್ಕದ ಥಾಣೆಯಲ್ಲಿಯೇ. ಗಲ್ಲಕ್ಕೆ ಬೆರಳಿಟ್ಟುಕೊಂಡ ಮಗುವಿನ ಚಿತ್ರವಿದ್ದ ಆ ಕ್ಯಾಲೆಂಡರು ಯಾರಿಗೆ ನೆನಪಿಲ್ಲ? ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಿ ರೇಡಿಯೋ ಲೈಸೆನ್ಸಿನ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕಾಗಿದ್ದ ಕಾಲವದು. ಆ ಪದ್ಧತಿ ಪೂರ್ತಿಯಾಗಿ ತಪ್ಪಿದ್ದು ೧೯೮೦ರ ದಶಕದ ನಡುವಿನಲ್ಲಿ. ಊರಿಗೆ ಹೋಗುವಾಗ ಸೀರೆ, ಪಂಚೆಗಳ ನಡುವೆ ಟ್ರಾನ್ಸಿಸ್ಟರನ್ನು ಸುತ್ತಿ ಒಯ್ದವರು ನಮ್ಮಲ್ಲಿ ಎಷ್ಟು ಮಂದಿ!

ಮೈಸೂರಿನಿಂದ ಧಾರವಾಡಕ್ಕೆ

ಭಾರತದಲ್ಲಿ ವ್ಯವಸ್ಥಿತ ಬಾನುಲಿ ಪ್ರಸಾರ ಆರಂಭವಾದದ್ದು ನಮ್ಮ ಈ ಮುಂಬಯಿಯಲ್ಲಿ. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಮುಂಬಯಿ ನಿಲಯವನ್ನು ವೈಸರಾಯ್ ಲಾರ್ಡ್ ಇರ್ವಿನ್ ಉದ್ಘಾಟಿಸಿದ್ದು ೧೯೨೭ರ ಜುಲೈ ೨೩ರಂದು. ಮೂರು ವರ್ಷ ತುಂಬುವುದರೊಳಗೆ ಆ ಕಂಪನಿ ದಿವಾಳಿಯೆದ್ದಿತು. ೧೯೩೦ರಲ್ಲಿ ಸರಕಾರ ಪ್ರಸಾರವನ್ನು ವಹಿಸಿಕೊಂಡಿತು. ೧೯೩೬ರ ಜೂನ್ ೮ರಂದು ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಾಯಿತು.

ಕನ್ನಡದ ಬಾನುಲಿಯ ಹುಟ್ಟು ಇದಕ್ಕಿಂತ ಬೇರೆ ರೀತಿಯದು. ಅದು ಕಂಪನಿಯ ವ್ಯಾಪಾರವೂ ಅಲ್ಲ, ಸರಕಾರದ ಹುಕುಮೂ ಅಲ್ಲ. ಒಬ್ಬ ಮೇಷ್ಟರ ಹವ್ಯಾಸ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಸಣ್ಣದೊಂದು ಪ್ರೇಷಕದ ಮೂಲಕ ಪ್ರಸಾರ ಆರಂಭಿಸಿದರು. ಕುವೆಂಪು ಅವರ ಕವಿತಾವಾಚನ, ಟಿ. ಚೌಡಯ್ಯನವರ ಪಿಟೀಲು ಮೊದಲ ದಿನದ ಸಂಪತ್ತು. ಪ್ರೇಷಕದ ಶಕ್ತಿ ಇಂದಿನ ಒಂದು ಮನೆಯ ದೀಪಕ್ಕೆ ಸಾಲುವಷ್ಟು! ಅದಕ್ಕೆ ಅವರು ಬಳಸಿದ ಹೆಸರು ‘ಆಕಾಶವಾಣಿ’. ಈ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರು ಎಂದು ಬಲ್ಲವರು ಹೇಳುತ್ತಾರೆ. ಅದೇ ಹೆಸರು ೧೯೫೦ರ ದಶಕದಲ್ಲಿ ಇಡೀ ರಾಷ್ಟ್ರದ ಬಾನುಲಿಗೆ ಬಂದದ್ದು ಕನ್ನಡಿಗರು ಹೆಮ್ಮೆಪಡಬೇಕಾದ ಮಾತು. ಮೈಸೂರಿನ ನಿಲಯವನ್ನು ೧೯೪೦ರ ದಶಕದ ಆರಂಭದಲ್ಲಿ ಸಂಸ್ಥಾನ ವಹಿಸಿಕೊಂಡಿತು. ೧೯೫೫ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಬಂದದ್ದು ೧೯೭೪ರಲ್ಲಿ.

ಆದರೆ ನಮ್ಮಲ್ಲಿ ಹೆಚ್ಚಿನವರು ಮೈಸೂರು ಸೀಮೆಯವರಲ್ಲ. ಬಿಜಾಪುರ, ಬೆಳಗಾವಿ, ಧಾರವಾಡ, ಕಾರವಾರಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆ ಕಡೆಯ ಕನ್ನಡಿಗರಿಗೆ ದೊರೆತ ಮೊದಲ ಸ್ವಂತ ನಿಲಯವೆಂದರೆ ಧಾರವಾಡ. ಅದು ಆರಂಭವಾದದ್ದು ೧೯೫೦ರ ಜನವರಿ ೮ರಂದು, ಎಂದರೆ ದೇಶ ಗಣರಾಜ್ಯವಾಗುವುದಕ್ಕೆ ಹದಿನೆಂಟು ದಿನ ಮೊದಲು. ಕರ್ನಾಟಕದ ಏಕೀಕರಣಕ್ಕೆ ಇನ್ನೂ ಆರು ವರ್ಷ ಮೇಲ್ಪಟ್ಟು ಕಾಯಬೇಕಾಗಿತ್ತು. ನಾಡು ಭೂಪಟದ ಮೇಲೆ ಒಂದಾಗುವ ಮೊದಲೇ ಗಾಳಿಯಲ್ಲಿ ಒಂದಾಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದರಲ್ಲಿ ಅರ್ಥವಿದೆ. ಮುಂಬಯಿ ಪ್ರಾಂತದ ಬಿಜಾಪುರದವನೂ, ನಿಜಾಮರ ಸೀಮೆಯಿಂದ ಆಗಷ್ಟೇ ಬಿಡುಗಡೆಯಾದ ರಾಯಚೂರಿನವನೂ ಒಂದೇ ವೇಳೆಗೆ ಒಂದೇ ಹಾಡನ್ನು ಕೇಳುವುದು ಅದುವರೆಗೆ ಆಗದ ಕೆಲಸವಾಗಿತ್ತು.

ಧಾರವಾಡ ನಿಲಯದ ಪುಣ್ಯವೆಂದರೆ ಅದಕ್ಕೆ ಒದಗಿದ ಜನ. ಪಂಡಿತ ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ವರಕವಿ ದ. ರಾ. ಬೇಂದ್ರೆಯವರು ೧೯೫೬ರಲ್ಲಿ ನಿಲಯದ ಸಲಹೆಗಾರರಾದರು. ಬೇಂದ್ರೆಯವರು ಅದಕ್ಕೆ ಮುಂಚೆ ಹನ್ನೆರಡು ವರ್ಷ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಅವರು ಸೊಲ್ಲಾಪುರ ಬಿಟ್ಟು ಧಾರವಾಡಕ್ಕೆ ಮರಳಿದ ವರ್ಷವೇ ಸೊಲ್ಲಾಪುರಕ್ಕೂ ಧಾರವಾಡಕ್ಕೂ ನಡುವೆ ರಾಜ್ಯದ ಗೆರೆ ಬಿದ್ದಿತು. ಕವಿ ಈಚೆ ಬಂದರು. ಅವರ ವಿದ್ಯಾರ್ಥಿಗಳಲ್ಲಿ ಅನೇಕರು ಆಚೆ ಉಳಿದರು. ನಡುವೆ ಉಳಿದದ್ದು ಈ ರೇಡಿಯೋ ಒಂದೇ.

ಗೆರೆಯ ಎರಡೂ ಕಡೆ

೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಕನ್ನಡಿಗರಿಗೆ ಅದು ಹಬ್ಬದ ದಿನ, ಸರಿ. ಆದರೆ ಗೆರೆ ಎಳೆದ ಮೇಲೆ ಆಚೆ ಉಳಿದವರೂ ಇದ್ದರು. ದಕ್ಷಿಣದಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಉತ್ತರದಲ್ಲಿ ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳು ಮುಂಬಯಿ ರಾಜ್ಯದಲ್ಲಿ ಉಳಿದು, ೧೯೬೦ರಲ್ಲಿ ಮಹಾರಾಷ್ಟ್ರದ ಪಾಲಾದವು. ಇತ್ತ ಬೆಳಗಾವಿಯಲ್ಲಿ ಮರಾಠಿ ಬಂಧುಗಳು ತಾವು ಗೆರೆಯ ಈಚೆ ಉಳಿದೆವೆಂದು ಕೊರಗಿದರು. ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷವೇ ವರದಿ ಕೊಟ್ಟಿತು. ಅದು ಜಾರಿಗೆ ಬರಲಿಲ್ಲ. ಆ ವಾದವನ್ನು ಮತ್ತೆ ಕೆದಕುವುದು ನಮ್ಮ ಉದ್ದೇಶವಲ್ಲ. ನಾವು ಉಣ್ಣುವುದು ಮಹಾರಾಷ್ಟ್ರದ ಅನ್ನ. ನಮ್ಮ ನೆರೆಯವರು ಮರಾಠಿಗರು. ಇಲ್ಲಿ ಹೇಳಬೇಕಾದದ್ದು ಇಷ್ಟೇ: ಆಯೋಗಗಳು ಮಾಡಲಾಗದ ಕೆಲಸವನ್ನು ಬಾನುಲಿ ಸದ್ದಿಲ್ಲದೆ ಮಾಡಿತು.

ಹೇಗೆಂದರೆ: ೧೯೬೩ರ ಅಕ್ಟೋಬರ್ ೬ರಂದು ಸಾಂಗ್ಲಿಯಲ್ಲಿ ಆಕಾಶವಾಣಿ ನಿಲಯ ಆರಂಭವಾಯಿತು. ಅದರ ಭಾಷೆ ಮರಾಠಿ. ಸಾಂಗ್ಲಿಯ ಪ್ರಸಾರ ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿಯ ಮರಾಠಿ ಮನೆಗಳಿಗೆ ತಲುಪಿತು. ಧಾರವಾಡದ ಪ್ರಸಾರ ಸಾಂಗ್ಲಿ ಜಿಲ್ಲೆಯದೇ ಆದ ಜತ್ತದ ಕನ್ನಡ ಮನೆಗಳಿಗೆ ತಲುಪಿತು. ೧೯೬೬ರಲ್ಲಿ ಗುಲ್ಬರ್ಗಾ ನಿಲಯ ಬಂದ ಮೇಲೆ ಅಕ್ಕಲಕೋಟೆಯ ರೈತನೂ ಅಲ್ಲಿಂದ ಬರುವ ಮಳೆ ಬೆಳೆಯ ಮಾತನ್ನು ತನ್ನ ನುಡಿಯಲ್ಲಿ ಕೇಳುವಂತಾಯಿತು. ಎರಡು ನಿಲಯಗಳ ತರಂಗಗಳು ಆಕಾಶದಲ್ಲಿ ಒಂದನ್ನೊಂದು ಹಾಯ್ದು ಹೋಗುತ್ತಿದ್ದವು, ಎಲ್ಲಿಯೂ ಜಗಳವಾಗಲಿಲ್ಲ. ಗಡಿಯ ಗಾಯಕ್ಕೆ ಇದು ಔಷಧವೇ ಆಯಿತೆಂದು ನಾವು ಹೇಳುವುದಿಲ್ಲ. ಆದರೆ ಉರಿ ಸ್ವಲ್ಪ ಕಡಿಮೆಯಾದದ್ದು ನಿಜ. ತನ್ನ ಮಾತು ದಿನಕ್ಕೆ ಮೂರು ಹೊತ್ತು ಮನೆಯೊಳಗೆ ಕೇಳುವವನು, ಕೇಳದವನಿಗಿಂತ ಸಮಾಧಾನಿಯಾಗಿರುತ್ತಾನೆ.

ಕಾಸರಗೋಡಿನ ಕತೆ ಇದಕ್ಕೆ ಇನ್ನೊಂದು ಸಾಕ್ಷಿ. ಗೆರೆ ಬಿದ್ದ ಮೇಲೆ ಇಪ್ಪತ್ತು ವರ್ಷ ಅಲ್ಲಿಯ ಕನ್ನಡಿಗರಿಗೆ ಹತ್ತಿರದ ನಿಲಯವೆಂದರೆ ಮಲಯಾಳದ ಕೋಳಿಕ್ಕೋಡು. ಕನ್ನಡಕ್ಕಾಗಿ ಬೆಂಗಳೂರನ್ನೋ, ೧೯೬೫ರ ನಂತರ ಭದ್ರಾವತಿಯನ್ನೋ ಹುಡುಕಬೇಕು. ೧೯೭೬ರ ಡಿಸೆಂಬರ್ ೧೧ರಂದು ಮಂಗಳೂರು ನಿಲಯ ಆರಂಭವಾಯಿತು. ಕದ್ರಿಯಲ್ಲಿ ಸ್ಟುಡಿಯೋ, ಬ್ರಹ್ಮಾವರದಲ್ಲಿ ಪ್ರೇಷಕ. ಚಂದ್ರಗಿರಿಯ ದಡದ ಮನೆಗಳಲ್ಲಿ ಯಕ್ಷಗಾನದ ಚೆಂಡೆ, ತುಳು ಪಾಡ್ದನ, ಕನ್ನಡ ವಾರ್ತೆ ಎಲ್ಲವೂ ಒಂದೇ ಪೆಟ್ಟಿಗೆಯಿಂದ ಹೊರಬಂದವು. ರಾಜ್ಯ ಕೇರಳದ್ದು, ಕಿವಿ ಕರಾವಳಿಯದು. ನಮ್ಮ ಸಂಘದ ದಕ್ಷಿಣ ಕನ್ನಡದ ಸದಸ್ಯರು ರಜೆಗೆ ಊರಿಗೆ ಹೋದವರು ಮರಳಿ ಬಂದು ಇದನ್ನು ವರ್ಣಿಸುತ್ತಿದ್ದಾಗ, ಬ್ರಹ್ಮಾವರದ ದನಿ ತುರ್ಭೆಗೆ ಬಾರದಲ್ಲಾ ಎಂದು ಪೇಚಾಡಿಕೊಳ್ಳುತ್ತಿದ್ದರು.

ಕಾಡಿನಲ್ಲಿ ಅಡಗಿದ ನಿಲಯ

ಗಡಿಯ ಬಾನುಲಿ ಎಂದರೆ ಹಾಡು, ವಾರ್ತೆ ಮಾತ್ರವಲ್ಲ. ಅದು ಹೋರಾಟದ ಅಸ್ತ್ರವೂ ಆದದ್ದುಂಟು. ೧೯೪೨ರ ಚಳವಳಿಯಲ್ಲಿ ಉಷಾ ಮೆಹತಾ ಮತ್ತು ಅವರ ಸಂಗಡಿಗರು ಇದೇ ಮುಂಬಯಿಯಲ್ಲಿ ಮನೆಯಿಂದ ಮನೆಗೆ ಪ್ರೇಷಕವನ್ನು ಸಾಗಿಸುತ್ತ ಕಾಂಗ್ರೆಸ್ ರೇಡಿಯೋ ನಡೆಸಿದರು. ಆಗಸ್ಟ್ ಕೊನೆಯಲ್ಲಿ ಆರಂಭವಾದ ಅದು ನವೆಂಬರ್ ೧೨ರಂದು ಪೊಲೀಸರ ಕೈಗೆ ಸಿಕ್ಕಿತು. ಈ ಕತೆ ಪಠ್ಯಪುಸ್ತಕಗಳಲ್ಲಿದೆ. ಕನ್ನಡ ನೆಲದಲ್ಲಿ ನಡೆದ ಇನ್ನೊಂದು ಕತೆ ಅಷ್ಟು ಜನಕ್ಕೆ ತಿಳಿದಿಲ್ಲ.

ಗೋವೆಯಲ್ಲಿ ಪೋರ್ಚುಗೀಜರು ೧೯೪೬ರಿಂದಲೇ ‘ಎಮಿಸ್ಸೋರಾ ದ ಗೋವಾ’ ಎಂಬ ನಿಲಯ ನಡೆಸುತ್ತಿದ್ದರು. ಅದು ಆಳುವವರ ದನಿ. ಅದಕ್ಕೆ ಎದುರಾಗಿ ೧೯೫೫ರ ನವೆಂಬರ್ ೨೫ರಂದು ಗಡಿಯ ಕಾಡಿನೊಳಗಿಂದ ಒಂದು ಗುಪ್ತ ನಿಲಯ ಮಾತಾಡತೊಡಗಿತು. ಹೆಸರು ಸ್ವಾತಂತ್ರ್ಯದ ದನಿ. ಭಾಷೆ ಕೊಂಕಣಿ ಮತ್ತು ಪೋರ್ಚುಗೀಜ್. ಅದನ್ನು ಆರು ವರ್ಷ ನಡೆಸಿದವರು ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ. ಲಿಬಿಯಾ ಮುಂಬಯಿಯಲ್ಲಿ ಓದಿ ಬೆಳೆದ ಗೋವೆಯ ಹೆಣ್ಣುಮಗಳು. ಮೊದಲು ಅಂಬೋಲಿಯ ಕಡೆಯ ಕಾಡಿನಲ್ಲಿ, ಆಮೇಲೆ ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಲ್ಲಿ ಅವರ ಪ್ರೇಷಕವಿತ್ತು. ಮಳೆ, ಜಿಗಣೆ, ಹಾವುಗಳ ನಡುವೆ ಇದ್ದು, ಗೋವೆಯಲ್ಲಿ ಪತ್ರಿಕೆಗಳು ಬರೆಯಲಾರದ ಸುದ್ದಿಯನ್ನು ಅವರು ಗೋವೆಯ ಮನೆಗಳಿಗೆ ಮುಟ್ಟಿಸಿದರು.

೧೯೬೧ರ ಡಿಸೆಂಬರ್ ೧೮ರಂದು ಭಾರತದ ವಿಮಾನಗಳು ಬಾಂಬೋಲಿಯಲ್ಲಿದ್ದ ಪೋರ್ಚುಗೀಜರ ನಿಸ್ತಂತು ಕೇಂದ್ರದ ಮೇಲೆ ದಾಳಿ ಮಾಡಿದವು. ಆಳುವವರ ದನಿ ನಿಂತಿತು. ಕಾಡಿನ ದನಿ ಉಳಿಯಿತು. ಮರುದಿನ ಗೋವೆ ಬಿಡುಗಡೆಯಾದಾಗ ವಾಮನ–ಲಿಬಿಯಾ ಇಬ್ಬರೂ ವಿಮಾನದಲ್ಲಿ ಕುಳಿತು, ಧ್ವನಿವರ್ಧಕದಲ್ಲಿ ಆ ಸುದ್ದಿಯನ್ನು ಆಕಾಶದಿಂದಲೇ ಸಾರಿದರು. ಮುಂದೆ ಇಬ್ಬರೂ ಮದುವೆಯಾದರು. ಲಿಬಿಯಾ ಅವರಿಗೆ ನೂರು ವರ್ಷ ತುಂಬಿದ ಮೇಲೆ, ೨೦೨೫ರಲ್ಲಿ, ಪದ್ಮಶ್ರೀ ದೊರೆಯಿತು. ಕ್ಯಾಸಲ್‌ರಾಕ್ ದಾಟಿ ದೂಧಸಾಗರದ ಜಲಪಾತ ನೋಡಲು ರೈಲಿನಲ್ಲಿ ಹೋಗುವ ನಮ್ಮ ಮಕ್ಕಳಿಗೆ ಈ ಮಾತನ್ನು ಹೇಳಬೇಡವೇ?

ದೂರದ ಗಡಿಯ ಎರಡು ಪಾಠ

ಗಡಿ ಬಾನುಲಿಯ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಅಮೆರಿಕ ಮತ್ತು ಮೆಕ್ಸಿಕೋ ದೇಶಗಳ ನಡುವೆ ನಡೆದ ಎರಡು ಕತೆಗಳು ನಮಗೂ ಪಾಠವಾಗುವಂತಿವೆ.

ಮೊದಲನೆಯದು ಲೋಭದ ಕತೆ. ಜಾನ್ ಬ್ರಿಂಕ್ಲಿ ಎಂಬಾತ ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ವೈದ್ಯನೆಂದು ಹೇಳಿಕೊಂಡು, ಗಂಡಸರಿಗೆ ಹೋತದ ಗ್ರಂಥಿಯನ್ನು ಕಸಿ ಮಾಡಿ ಯೌವನ ಮರಳಿಸುತ್ತೇನೆಂದು ರೇಡಿಯೋದಲ್ಲಿ ಸಾರುತ್ತಿದ್ದ. ೧೯೩೦ರಲ್ಲಿ ಸರಕಾರ ಅವನ ಪ್ರಸಾರದ ಪರವಾನಗಿಯನ್ನೂ, ವೈದ್ಯಮಂಡಳಿ ಅವನ ವೈದ್ಯಕೀಯ ಪರವಾನಗಿಯನ್ನೂ ಕಿತ್ತುಕೊಂಡವು. ಆತ ಸುಮ್ಮನಾಗಲಿಲ್ಲ, ಗಡಿಯ ಡೆಲ್ ರಿಯೋ ಊರಿನ ಎದುರು ದಡದಲ್ಲಿ, ಮೆಕ್ಸಿಕೋದ ವಿಯಾ ಅಕೂನ್ಯಾದಲ್ಲಿ, ಹೊಸ ನಿಲಯವನ್ನೇ ಕಟ್ಟಿಸಿದ. ಅಮೆರಿಕದ ನಿಲಯಗಳಿಗೆ ಸಾಮಾನ್ಯವಾಗಿ ೫೦ ಕಿಲೋವಾಟ್ ಮಿತಿಯಿದ್ದಾಗ ಅವನ ಪ್ರೇಷಕ ಮುಂದೆ ೫೦೦ ಕಿಲೋವಾಟ್‌ಗೆ ಏರಿತು. ದನಿ ಇಡೀ ಅಮೆರಿಕವನ್ನು ಆವರಿಸಿತು. ಅದರಲ್ಲಿ ಕಾರ್ಟರ್ ಕುಟುಂಬದ ಒಳ್ಳೆಯ ಜನಪದ ಹಾಡುಗಳೂ ಇದ್ದವು, ಸುಳ್ಳು ಔಷಧಗಳೂ ಇದ್ದವು. ಎರಡು ದೇಶಗಳ ಒಪ್ಪಂದ ಜಾರಿಗೆ ಬಂದು ೧೯೪೧ರ ಹೊತ್ತಿಗೆ ಆ ನಿಲಯ ಮುಚ್ಚಿತು. ಆತ ದಿವಾಳಿಯಾಗಿ ಮರುವರ್ಷ ತೀರಿಕೊಂಡ. ಗಡಿ ದಾಟಿ ಬಂದ ದನಿಯೆಲ್ಲ ನಂಬತಕ್ಕದ್ದಲ್ಲ ಎಂಬುದು ಇಲ್ಲಿಯ ಪಾಠ.

ಎರಡನೆಯದು ನಮ್ಮ ಎದೆಗೆ ಹತ್ತಿರದ ಕತೆ. ಪೆದ್ರೊ ಗೊನ್ಸಾಲೆಸ್ ಎಂಬ ಮೆಕ್ಸಿಕನ್ ವಲಸೆಗಾರ ೧೯೨೦ರ ದಶಕದ ಕೊನೆಯಲ್ಲಿ ಲಾಸ್ ಏಂಜಲಿಸ್ ಕಡೆಯ ನಿಲಯವೊಂದರಿಂದ ಸ್ಪ್ಯಾನಿಷ್ ಭಾಷೆಯಲ್ಲಿ ಕಾರ್ಯಕ್ರಮ ನಡೆಸುತ್ತಿದ್ದ. ವೇಳೆ ಯಾವುದು ಗೊತ್ತೇ? ಬೆಳಗಿನ ಜಾವ ನಾಲ್ಕು ಗಂಟೆ! ಯಾರಿಗೂ ಬೇಡವಾದ ಆ ಹೊತ್ತೇ ಕೂಲಿಗೆ ಹೊರಡುವ ಮೆಕ್ಸಿಕನ್ನರು ಏಳುವ ಹೊತ್ತು. ಅವನ ಮೇಳದ ಹೆಸರಿನ ಅರ್ಥವೂ ‘ನಸುಕಿನಲ್ಲಿ ಏಳುವವರು’ ಎಂದೇ. ಹಾಡಿನ ನಡುವೆ ಎಲ್ಲಿ ಕೆಲಸವಿದೆ ಎಂದು ಹೇಳುತ್ತಿದ್ದ. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಮೆಕ್ಸಿಕನ್ನರನ್ನು ಹಿಡಿದು ಗಡಿಯಾಚೆ ಸಾಗಿಸತೊಡಗಿದಾಗ ಅದನ್ನು ಖಂಡಿಸಿದ. ೧೯೩೪ರಲ್ಲಿ ಅವನನ್ನು ಬಂಧಿಸಿ ಸೆರೆಗೆ ಹಾಕಿದರು. ದೂರು ಕೊಟ್ಟಾಕೆ ಮುಂದೆ ತನ್ನ ಮಾತನ್ನು ಹಿಂತೆಗೆದುಕೊಂಡರೂ ಬಿಡುಗಡೆಯಾಗಲಿಲ್ಲ. ೧೯೪೦ರಲ್ಲಿ ಬಿಟ್ಟು ಗಡೀಪಾರು ಮಾಡಿದರು. ಅವನು ಗಡಿಗೆ ತಾಗಿದ ತಿಹುವಾನ ಪಟ್ಟಣದಲ್ಲಿ ನೆಲೆಸಿ, ಅಲ್ಲಿಂದ ಮತ್ತೆ ಹಾಡಿದ. ಮನುಷ್ಯನನ್ನು ಗಡಿಯಾಚೆ ಹಾಕಿದರು. ದನಿ ಈಚೆ ಬಂತು.

ನಮ್ಮ ದೇಶದಲ್ಲೂ ಇಂಥದೊಂದು ಮೋಜಿನ ಪ್ರಸಂಗ ನಡೆದಿದೆ. ೧೯೫೨ರಲ್ಲಿ ಬಿ. ವಿ. ಕೇಸ್ಕರ್ ಅವರು ಪ್ರಸಾರ ಮಂತ್ರಿಯಾದ ಮೇಲೆ ಆಕಾಶವಾಣಿಯಲ್ಲಿ ಸಿನೆಮಾ ಹಾಡುಗಳಿಗೆ ಬಾಗಿಲು ಮುಚ್ಚಿತು. ಜನ ಏನು ಮಾಡಿದರು? ರೇಡಿಯೋ ಸಿಲೋನಿಗೆ ಸೂಜಿ ತಿರುಗಿಸಿದರು. ಅಮೀನ್ ಸಾಯಾನಿಯವರ ಬಿನಾಕಾ ಗೀತಮಾಲಾ ಕೊಲಂಬೋದಿಂದ ಸಮುದ್ರ ದಾಟಿ ಬಂದು ಬುಧವಾರದ ಸಂಜೆಗಳನ್ನು ಗೆದ್ದುಕೊಂಡಿತು. ೧೯೫೭ರ ಅಕ್ಟೋಬರ್ ೩ರಂದು ಸರಕಾರ ವಿವಿಧ ಭಾರತಿಯನ್ನು ಆರಂಭಿಸಲೇಬೇಕಾಯಿತು. ಕೇಳುವವನಿಗೆ ಬೇಕಾದದ್ದನ್ನು ಮನೆಯ ನಿಲಯ ಕೊಡದಿದ್ದರೆ ಅವನು ಗಡಿಯಾಚೆ ಹುಡುಕುತ್ತಾನೆ.

ತುರ್ಭೆಯಲ್ಲಿ ಏನಾಯಿತು?

ಈಗ ಮನೆಗೆ ಮರಳೋಣ. ರೇಡಿಯೋ ನಮಗೆ ಎರಡು ನಾಲಿಗೆ ಕೊಟ್ಟಿತು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಬೆಳಿಗ್ಗೆ ನಾವು ಕೇಳುತ್ತಿದ್ದುದು ಮುಂಬಯಿ ನಿಲಯದ ಮರಾಠಿ. ಲೋಕಲ್ ಗಾಡಿ ಓಡುತ್ತಿದೆಯೇ, ಮಳೆ ಎಷ್ಟು, ಬಂದ್ ಇದೆಯೇ ಎಂಬುದೆಲ್ಲ ಅದರಲ್ಲಿಯೇ ತಿಳಿಯಬೇಕು. ಶಾಲೆಯ ಮುಖ ಕಾಣದ ನಮ್ಮ ತಾಯಂದಿರು ಅಂಗಡಿಯಲ್ಲಿ ಚೌಕಾಶಿ ಮಾಡುವಷ್ಟು ಮರಾಠಿ ಕಲಿತದ್ದು ಅರ್ಧ ನೆರೆಮನೆಯಿಂದ, ಅರ್ಧ ಈ ಪೆಟ್ಟಿಗೆಯಿಂದ. ರಾತ್ರಿ ಕೇಳುತ್ತಿದ್ದುದು ಧಾರವಾಡದ ಕನ್ನಡ. ಹೊಟ್ಟೆಗೆ ಒಂದು ನುಡಿ, ಎದೆಗೆ ಒಂದು ನುಡಿ. “ಊರ ರೇಡಿಯೋ ಕೇಳುತ್ತ ಕೂತರೆ ಇಲ್ಲಿಯವರಾಗುವುದು ಯಾವಾಗ?” ಎಂದು ಕೇಳಿದವರೂ ಇದ್ದರು. ನಮ್ಮ ಅನುಭವ ಹೇಳುವುದೇ ಬೇರೆ. ತನ್ನ ನುಡಿಯನ್ನು ಕಳೆದುಕೊಳ್ಳುವ ಭಯವಿಲ್ಲದವನೇ ಇನ್ನೊಬ್ಬರ ನುಡಿಯನ್ನು ಪ್ರೀತಿಯಿಂದ ಕಲಿಯುತ್ತಾನೆ.

೧೯೮೧ರಲ್ಲಿ ಮುಂಬಯಿಯ ಈರುಳ್ಳಿ–ಬಟಾಟೆ ಮಾರುಕಟ್ಟೆ ನಮ್ಮ ಕಡೆಗೆ, ವಾಶಿ–ತುರ್ಭೆಗೆ ಬಂತು. ಕರ್ನಾಟಕದ ಈರುಳ್ಳಿಯ ಲಾರಿಗಳು ಇಲ್ಲಿ ಇಳಿಯತೊಡಗಿದವು. ರಾತ್ರಿ ಚೀಲ ಇಳಿಸುವ ನಮ್ಮ ಹಮಾಲರಲ್ಲಿ ಕೆಲವರು ಟ್ರಾನ್ಸಿಸ್ಟರನ್ನು ಚೀಲದ ಮೇಲಿಟ್ಟುಕೊಂಡು ಊರ ಕಡೆಯ ಪೇಟೆ ಧಾರಣೆ ಕೇಳುತ್ತಿದ್ದರು. ಅಲ್ಲಿ ಅಣ್ಣ ಬೆಳೆದದ್ದಕ್ಕೆ ಸಿಕ್ಕ ಬೆಲೆ ಎಷ್ಟು, ಇಲ್ಲಿ ತಾನು ಹೊತ್ತ ಅದೇ ಚೀಲಕ್ಕೆ ಏಳುವ ಬೆಲೆ ಎಷ್ಟು ಎಂದು ಒಂದೇ ಮನೆಯವರಿಬ್ಬರು ಲೆಕ್ಕ ಹಾಕುವಂತಾಯಿತು. ಅರ್ಥಶಾಸ್ತ್ರದ ಪುಸ್ತಕ ಓದದೆ ಕಲಿತ ಪಾಠವದು. “ನಮ್ಮ ಕಡೆ ಮಳಿ ಆಗೇದಂತ” ಎಂಬ ಒಂದು ಸುದ್ದಿಗೆ ಖೋಲಿಯ ಆರು ಜನರೂ ಒಮ್ಮೆಲೇ ನಗುತ್ತಿದ್ದರು. ಮಳೆ ಹೋಯಿತೆಂದರೆ ಆ ತಿಂಗಳ ಮನಿಯಾರ್ಡರು ಸ್ವಲ್ಪ ದೊಡ್ಡದಾಗುತ್ತಿತ್ತು.

ಕೊರತೆಯೂ ಇತ್ತು. ಇಷ್ಟು ಲಕ್ಷ ಕನ್ನಡಿಗರಿರುವ ಈ ಮಹಾನಗರದಲ್ಲಿ ನಮ್ಮ ದನಿಗೆ ನಮ್ಮದೇ ಆದ ನಿಲಯವಿರಲಿಲ್ಲ. ನಾವು ಕೆಲವರು ಸೇರಿ, ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಕನ್ನಡಕ್ಕೆ ಕೊಡಿರೆಂದು ಒಂದು ಕಚೇರಿಗೆ ಅರ್ಜಿ ಬರೆದೆವು, ಉತ್ತರ ಬರಲಿಲ್ಲ. ಮತ್ತೆ ಬರೆಯಬೇಕಾಗಿತ್ತು, ಬರೆಯಲಿಲ್ಲ. ತಪ್ಪು ನಮ್ಮದೂ ಹೌದು. ಅಷ್ಟರಲ್ಲಿ ಟಿ.ವಿ. ಬಂದಿತು, ಅದರ ಹಿಂದೆ ಕೇಬಲ್ಲು, ಅದರ ಹಿಂದೆ ಮೊಬೈಲು. ಧಾರವಾಡದ ಪ್ರೇಷಕದ ಶಕ್ತಿ ೨೦೦ ಕಿಲೋವಾಟ್‌ಗೆ ಏರಿದ್ದರೂ, ಅದನ್ನು ಹುಡುಕುವ ಬೆರಳುಗಳು ಕಡಿಮೆಯಾಗುತ್ತ ಬಂದವು.

ಮುಂದೇನು?

ಇಂದು ಧಾರವಾಡ ಬೇಕೆಂದರೆ ರಾತ್ರಿಗೆ ಕಾಯಬೇಕಿಲ್ಲ. ಆಕಾಶವಾಣಿಯ ಆ್ಯಪ್‌ನಲ್ಲಿ ಧಾರವಾಡವೂ ಸಿಗುತ್ತದೆ, ಮಂಗಳೂರೂ ಸಿಗುತ್ತದೆ. ಕರಕರ ಸದ್ದಿಲ್ಲ, ಪುಣೆಯ ಅಡ್ಡಿಯಿಲ್ಲ. ಬ್ರಹ್ಮಾವರದ ದನಿ ತುರ್ಭೆಗೆ ಬಾರದೆಂದು ಪೇಚಾಡಿದವರ ಆಸೆ ಈಡೇರಿದೆ. ಆದರೆ ಕೇಳುವವರು ಒಬ್ಬೊಬ್ಬರೇ, ಕಿವಿಗೆ ತಂತಿ ಚುಚ್ಚಿಕೊಂಡು. ಮೊದಲು ದನಿ ಕ್ಷೀಣವಾಗಿತ್ತು, ಸುತ್ತ ಕುಳಿತವರು ಹತ್ತು ಜನ. ಈಗ ದನಿ ಸ್ಪಷ್ಟವಾಗಿದೆ, ಸುತ್ತ ಯಾರೂ ಇಲ್ಲ. ಮೊದಲು ದೊಡ್ಡವರು ತಮಗಾಗಿ ಕೇಳುತ್ತಿದ್ದ ಮಾತು ಮಕ್ಕಳ ಕಿವಿಗೂ ಬೀಳುತ್ತಿತ್ತು. ಆ ‘ಬೀಳುವ’ ಮಾತು ನಮ್ಮ ಮನೆಗಳಲ್ಲಿ ನಿಂತುಹೋಗಿದೆ. ನಮ್ಮ ಮೊಮ್ಮಕ್ಕಳು ಕನ್ನಡವನ್ನು ಅರ್ಥ ಮಾಡಿಕೊಳ್ಳುತ್ತಾರೆ, ಉತ್ತರವನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಕೊಡುತ್ತಾರೆ. ಇದನ್ನು ಅವರ ತಪ್ಪೆನ್ನುವುದು ನ್ಯಾಯವಲ್ಲ.

ದಾರಿಗಳು ಇಲ್ಲದಿಲ್ಲ. ಗಾಳಿಯ ತರಂಗಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟು ೧೯೯೫ರಲ್ಲಿ ಹೇಳಿತು. ೨೦೦೬ರ ನೀತಿಯಂತೆ, ಲಾಭದ ಉದ್ದೇಶವಿಲ್ಲದ, ಕನಿಷ್ಠ ಮೂರು ವರ್ಷ ಸಮಾಜಸೇವೆ ಮಾಡಿದ ನೋಂದಾಯಿತ ಸಂಸ್ಥೆಗಳೂ ಸಣ್ಣ ಸಮುದಾಯ ಬಾನುಲಿಗೆ ಅರ್ಜಿ ಹಾಕಬಹುದು. ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಗರು ಅದಕ್ಕೂ ಮೊದಲೇ, ಪರವಾನಗಿ ಸಿಗದ ಕಾಲದಲ್ಲಿ, ‘ನಮ್ಮ ಧ್ವನಿ’ ಎಂಬ ಹೆಸರಿನಲ್ಲಿ ಕೇಬಲ್ ತಂತಿಯ ಮೂಲಕವೇ ತಮ್ಮ ಮಾತನ್ನು ಮನೆಮನೆಗೆ ಹರಿಸಿದರು. ಸ್ವಂತ ನಿಲಯ ಕಟ್ಟುವ ಶಕ್ತಿ ನಮಗೆ ಸದ್ಯಕ್ಕೆ ಇಲ್ಲದಿರಬಹುದು. ಆದರೆ ಎರಡು ಕೆಲಸ ಈ ವರ್ಷವೇ ಆಗಬಹುದು. ಒಂದು, ಹತ್ತಿರದ ಯಾವುದಾದರೂ ಸಮುದಾಯ ಬಾನುಲಿಯಲ್ಲಿ ವಾರಕ್ಕೆ ಅರ್ಧ ಗಂಟೆ ಕನ್ನಡವನ್ನು ಕೇಳಿ ಪಡೆಯುವುದು. ಈ ಸಲ ಉತ್ತರ ಬರುವವರೆಗೂ ಬರೆಯುವುದು. ಇನ್ನೊಂದು, ಕ್ವಾರಿಗಳಲ್ಲಿ, ಕಾರಖಾನೆಗಳಲ್ಲಿ, ಮಾರುಕಟ್ಟೆಯಲ್ಲಿ ದುಡಿದ ನಮ್ಮ ಹಿರಿಯರ ಮಾತನ್ನು, ಹಾಡನ್ನು ಅವರ ದನಿಯಲ್ಲಿಯೇ ಹಿಡಿದಿಡುವುದು. ಬೀಸುವಾಗಿನ ಹಾಡು ಬಲ್ಲ ತಾಯಂದಿರು ನಮ್ಮ ಓಣಿಗಳಲ್ಲಿ ಇನ್ನೂ ಇದ್ದಾರೆ. ಬೀಸುವ ಕಲ್ಲು ಮಾತ್ರ ಇಲ್ಲ.

ಗೋಪಾಲಸ್ವಾಮಿಯವರು ಮನೆಯ ಒಂದು ಕೋಣೆಯಿಂದ ಆರಂಭಿಸಿದರು. ಲಿಬಿಯಾ–ವಾಮನರು ಕಾಡಿನಿಂದ ಮಾತಾಡಿದರು. ಗೊನ್ಸಾಲೆಸ್ ಯಾರಿಗೂ ಬೇಡದ ನಸುಕಿನ ವೇಳೆಯನ್ನೇ ಬಳಸಿಕೊಂಡ. ಅವರ ಮುಂದೆ ನಮ್ಮ ತೊಂದರೆ ದೊಡ್ಡದೇನಲ್ಲ. ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ: ಇಂದು ರಾತ್ರಿ ಊಟದ ಹೊತ್ತಿಗೆ ಮೊಬೈಲಿನ ತಂತಿಯನ್ನು ಕಿವಿಯಿಂದ ತೆಗೆದು, ಧಾರವಾಡವನ್ನು ಹಚ್ಚಿ, ಮನೆಯವರಿಗೆಲ್ಲ ಕೇಳುವಂತೆ ನಡುವೆ ಇಡಿ. ಮಕ್ಕಳು ಗದ್ದಲ ಮಾಡಿದರೆ ಗದರಿಸಬೇಡಿ. ಗದ್ದಲದ ನಡುವೆಯೇ ಅದು ಕಿವಿಗೆ ಬೀಳಲಿ.